ಹೊಳೆಮಣ್ಣೂರಿಗೆ ಹೋದ ತಪ್ಪು ಓಲೆ

ನರಗುಂದದವನು ನಮ್ಮ ಮಠಕ್ಕೆ ಬಂದ ದಿನ ನಾನು ಹಳೆಯ ಕಡತಕ್ಕೆ ಹೊಸದಾಗಿ ಕಪ್ಪು ಹಚ್ಚುತ್ತ ಕೂತಿದ್ದೆ. ಬಟ್ಟೆಗೆ ಹುಣಸೆ ಬೀಜದ ಸರಿ ಬಳಿದು, ಇದ್ದಿಲ ಪುಡಿ ತೀಡಿ, ಒಣಗಿಸಿ ಮಡಚಿದರೆ ಬಳಪದಿಂದ ಬರೆಯುವ ಪುಸ್ತಕ ಸಿದ್ಧವಾಗುತ್ತದೆ. ಅಂಥ ಕಡತಗಳನ್ನು ಹನ್ನೆರಡು ವರ್ಷ ನಾನೊಬ್ಬನೇ ಬರೆದಿದ್ದೆ. ನನಗಿಂತ ಮೊದಲು ನನ್ನ ತಂದೆ ಬರೆದಿದ್ದರು. ನನ್ನ ಅಕ್ಷರ ಮುತ್ತು ಪೋಣಿಸಿದಂತೆ ಇರುತ್ತಿತ್ತು. ಇದನ್ನು ಹೇಳಿದವರು ಬೇರೆಯವರಾದರೂ ದಿನಾ ನೆನೆಸಿಕೊಳ್ಳುತ್ತಿದ್ದವನು ನಾನೇ.

ನಮ್ಮದು ರೋಣದ ಸಮೀಪದ ಒಂದು ಮಠ. ಅಲ್ಲಿ ಪ್ರತಿ ಮಧ್ಯಾಹ್ನ ಬಂದವರಿಗೆಲ್ಲ ಊಟ. ಆ ದಾಸೋಹ ಒಬ್ಬಿಬ್ಬರ ಕೊಡುಗೆಯಿಂದ ನಡೆಯುತ್ತಿರಲಿಲ್ಲ. ಬೆಳವಣಕಿಯ ರೈತರು ಕೂಡಿ ಮೊದಲ ರಾಶಿಯ ಜೋಳ ಕೊಡುತ್ತಿದ್ದರು. ಗಜೇಂದ್ರಗಡದ ನೇಕಾರರು ಕೂಡಿ ಬಟ್ಟೆ ಕೊಡುತ್ತಿದ್ದರು. ನರಗುಂದದ ಪೇಟೆಯವರು ಬೇಳೆ, ರೋಣದ ಗಾಣಿಗರು ಎಣ್ಣೆ, ಹೊಳೆಮಣ್ಣೂರಿನ ಹೊಳೆದಂಡೆ ತೋಟದವರು ಕಾಯಿಪಲ್ಲೆ. ಇಂಥ ಒಂದೊಂದು ಕೂಟದ ಹೆಸರು, ಅದರ ಮುಂದಾಳು, ಅವರ ಮನೆ ಇರುವ ಓಣಿ, ಅವರು ಕೊಡುವ ವಸ್ತು, ಇವೆಲ್ಲ ನನ್ನ ಕಡತದಲ್ಲಿ ಇರಬೇಕು. ಶ್ರಾವಣದ ಪುರಾಣ ಮುಗಿಯುವ ದಿನಕ್ಕೆ ಪ್ರತಿ ಕೂಟಕ್ಕೂ ಒಂದು ಓಲೆ ಹೋಗುತ್ತಿತ್ತು. ಅಂದು ಜನರ ಮುಂದೆ ಒಂದೊಂದೇ ಹೆಸರು ಕೂಗಿ ಅಜ್ಜಾರು, ಅಂದರೆ ನಮ್ಮ ಸ್ವಾಮಿಗಳು, ತಮ್ಮ ಕೈಯಿಂದ ವೀಳ್ಯ ಕೊಡುತ್ತಿದ್ದರು. ಅದಕ್ಕಾಗಿ ಜನ ವರ್ಷವಿಡೀ ಕಾಯುತ್ತಿದ್ದರು.

ನರಗುಂದದವನು ಇಪ್ಪತ್ತೈದರ ಆಸುಪಾಸಿನವನು. ಗುಡ್ಡದ ಮೇಲಿನ ಕೋಟೆ ಇನ್ನೂ ಅರಸರ ಕೈಯಲ್ಲಿದ್ದ ಕಾಲ ಅದು. ಇವನು ಅಲ್ಲಿಯ ದಫ್ತರದಲ್ಲಿ ನಕಲು ಮಾಡುವ ಕೆಲಸದಲ್ಲಿದ್ದು, ಬಿಟ್ಟು ಬಂದಿದ್ದ. ಅಜ್ಜಾರು ಅವನನ್ನು ನನ್ನ ಮುಂದೆ ಕೂಡಿಸಿ, "ನಿನಗೊಬ್ಬ ಜೋಡಿ ಆದ ನೋಡಪಾ. ಒಬ್ಬನ ಎಷ್ಟಂತ ಬರೀತಿ?" ಎಂದರು. ನಾನು ಅವನಿಂದ ಎರಡು ಸಾಲು ಬರೆಸಿ ನೋಡಿದೆ. ಅಕ್ಷರ ಕೋಳಿ ಕೆದರಿದಂತಿತ್ತು. ನನಗೆ ಸಮಾಧಾನವಾಯಿತು. ಅಂದು ಮನೆಗೆ ಹೋಗಿ ಹೆಂಡತಿಗೆ, "ಪಾಪ, ಬಡವ, ಇರ್ಲಿ ಬಿಡು" ಎಂದೆ.

ಮೂರೇ ತಿಂಗಳಲ್ಲಿ ಆ ಕನಿಕರ ಇಂಗಿಹೋಯಿತು.

ಅವನು ಕಡತದ ಮುಂದೆ ಕೂಡುತ್ತಿರಲಿಲ್ಲ. ಹೆಗಲಿಗೆ ಒಂದು ಚೀಲ ಹಾಕಿಕೊಂಡು ಊರೂರು ತಿರುಗುತ್ತಿದ್ದ. ಓಲೆ ಮುಟ್ಟಿದವರ ಕಟ್ಟೆಯ ಮೇಲೆ ಕೂತು, ಅದು ಯಾರ ಕೈಗೆ ಬಂತು, ಯಾರು ಓದಿ ಹೇಳಿದರು, ಮುಂದಾಳು ಅವರೇ ಇದ್ದಾರೋ ಬದಲಾಗಿದ್ದಾರೋ ಎಂದು ಕೇಳುತ್ತಿದ್ದ. ನಾನು ಹನ್ನೆರಡು ವರ್ಷ ಮಠದ ಕಟ್ಟೆ ಇಳಿಯದೆ ಬರೆದವನು. ತಂದೆಯ ಕಡತ ನೋಡಿ ನನ್ನ ಕಡತ, ಹಳೆಯದನ್ನು ನೋಡಿ ಹೊಸದು. ಹಾಗೆ ಬರೆಯುವುದರಲ್ಲಿ ಏನಾದರೂ ಕೊರತೆ ಇದ್ದೀತು ಎಂದು ನನಗೆ ಹೊಳೆದಿರಲಿಲ್ಲ.

ಗಜೇಂದ್ರಗಡದಿಂದ ಮರಳಿದ ದಿನ ಅವನು ಅಜ್ಜಾರ ಮುಂದೆ ನಿಂತು ಹೇಳಿದ: "ಅಜ್ಜಾರ, ನಮ್ಮ ಕಡತದಾಗ ಗಜೇಂದ್ರಗಡದ ನೇಕಾರರು ಅಂತ ಒಂದ ಕಡೆ ಐತ್ರಿ, ಮ್ಯಾಲಿನ ಓಣಿ ನೇಕಾರರು ಅಂತ ಇನ್ನೊಂದ ಕಡೆ ಐತ್ರಿ. ಎರಡೂ ಒಂದ ಮಂದಿರಿ. ವರ್ಷಾ ಎರಡು ಓಲಿ ಹೋಗ್ತಾವು. ಮಠದವರು ಎರಡ ಸಲ ಕೇಳ್ಯಾರಂದ ಮ್ಯಾಲ ಇಲ್ಲ ಅನ್ನೂದ ಹ್ಯಾಂಗ ಅಂತ ಅವರು ಎರಡ ಪಟ್ಟು ಬಟ್ಟಿ ನೇಯ್ದು ಕಳಿಸ್ಯಾರ್ರಿ."

"ಎಷ್ಟ ವರ್ಷದಿಂದ?" ಎಂದರು ಅಜ್ಜಾರು.

ಅವನು ನನ್ನ ಕಡೆ ನೋಡಲಿಲ್ಲ. "ಗೊತ್ತಿಲ್ರಿ" ಎಂದ. ಗೊತ್ತಿತ್ತು. ಎರಡನೆಯ ಹೆಸರು ಬರೆದವನು ನಾನೇ, ಮತ್ತು ನನ್ನ ಅಕ್ಷರ ಯಾರಿಗೂ ಮರೆಯಾಗುವಂಥದಲ್ಲ. ಅವನು ನನ್ನನ್ನು ಉಳಿಸಿದ. ಅದರ ಬದಲು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬೆಳವಣಕಿಯಲ್ಲಿ ಇದರ ತಿರುವು ಮುರುವು ಆಗಿತ್ತು. ಅಲ್ಲಿ ಎರಡು ಕೂಟಗಳಿದ್ದವು. ನಾನು ಒಂದೇ ಎಂದು ಬರೆದಿದ್ದೆ. ಕೆಳಗಿನ ಓಣಿಯವರು ಅಷ್ಟು ವರ್ಷ ಜೋಳ ಕಳಿಸಿದ್ದರು, ಒಮ್ಮೆಯೂ ಅವರ ಹೆಸರು ಕೂಗಿರಲಿಲ್ಲ. ಆ ಶ್ರಾವಣದಲ್ಲಿ ಮೊದಲ ಸಲ ಅವರ ಹೆಸರು ಕೂಗಿದಾಗ ಮುದುಕರೊಬ್ಬರು ಎದ್ದು ಬಂದು ವೀಳ್ಯ ತೆಗೆದುಕೊಂಡು, ಅಜ್ಜಾರಿಗಲ್ಲ, ನರಗುಂದದವನಿಗೆ ಕೈ ಮುಗಿದರು. ನಾನು ಪಕ್ಕದಲ್ಲಿಯೇ ನಿಂತಿದ್ದೆ.

ಆ ಮೇಲೆ ಎಲ್ಲವೂ ಅವನೇ. ಅಡುಗೆಯವರು ಜೋಳ ಯಾವಾಗ ಬರುತ್ತದೆಂದು ಅವನನ್ನು ಕೇಳುತ್ತಿದ್ದರು. ಗಾಡಿಯವರು ಅವನಿಗೆ ಮೊದಲು ಮಜ್ಜಿಗೆ ಕೊಡುತ್ತಿದ್ದರು. ಹಬ್ಬದ ದಿನ ಅವನನ್ನು ನಮ್ಮ ಮನೆಗೆ ಊಟಕ್ಕೆ ಕರೆಯಲೇಬೇಕಾಯಿತು. ಬಂದವನು ನನ್ನ ಹೆಂಡತಿಯ ತವರಿನ ಸುದ್ದಿ ಕೇಳಿದ. ಅವನು ಹೋದ ಮೇಲೆ ಅವಳು ಪಾತ್ರೆ ತೊಳೆಯುತ್ತ, "ನಮ್ಮ ಅಪ್ಪ ಜಡ್ಡಿನಾಗ ಅದಾನ ಅನ್ನೂದು ಅವರಿಗೆ ಗೊತ್ತೈತಿ. ಅಲ್ಲಿಗೆ ಹೋದಾಗ ನೋಡಿ ಬಂದಾರಂತ. ನೀವು ಹೋಗಿ ಎಷ್ಟ ದಿನಾ ಆತ್ರಿ?" ಎಂದಳು.

"ಅವಗ ಹೆಂಡ್ರಿಲ್ಲ ಮಕ್ಕಳಿಲ್ಲ. ತಿರಗತಾನ" ಎಂದೆ.

"ನಾ ಬ್ಯಾರೆ ಏನೂ ಅನ್ಲಿಲ್ಲಲ್ರಿ" ಎಂದಳು ಅವಳು. ಆ ಮಾತು ನನ್ನನ್ನು ಇನ್ನೂ ಚುಚ್ಚಿತು.

ಅವನ ಅಕ್ಷರವನ್ನು ತೋರಿಸಿ ನಗುವುದೊಂದೇ ನನಗೆ ಉಳಿದಿತ್ತು. ಒಮ್ಮೆ ಅಜ್ಜಾರ ಮುಂದೆಯೇ ನಕ್ಕೆ. ಅವರು ಕಡತವನ್ನು ಕಣ್ಣಿನ ಹತ್ತಿರ ಹಿಡಿದು, "ಚಂದ ಇಲ್ಲ ಖರೇ. ಬರದದ್ದು ಮಾತ್ರ ಖರೇ ಐತೆಲ್ಲ" ಎಂದರು.

ಮರುವರ್ಷ ಆಷಾಢದಲ್ಲಿ ಮಲಪ್ರಭೆ ಉಕ್ಕಿತು. ಹೊಳೆಮಣ್ಣೂರಿನಲ್ಲಿ ಹೊಳೆದಂಡೆಯ ತೋಟಗಳೆಲ್ಲ ಹೋದವು, ಮನೆಗಳು ಬಿದ್ದವು ಎಂದು ಸುದ್ದಿ ಬಂತು. ಅಜ್ಜಾರು ಎರಡು ಗಾಡಿ ಜೋಳ ಕಳಿಸಿದರು. ಹಳ್ಳ ದಾಟಲಾಗದೆ ಗಾಡಿಯವರು ಅದನ್ನು ಈಚೆ ದಂಡೆಯಲ್ಲೇ ಇಳಿಸಿ ಮರಳಿದರು. ನರಗುಂದದವನು ಆಗ ಗಜೇಂದ್ರಗಡದಲ್ಲಿದ್ದ. ಮಳೆ ಸ್ವಲ್ಪ ನಿಂತ ಒಂದು ಮಧ್ಯಾಹ್ನ ಹೊಳೆಮಣ್ಣೂರಿನಿಂದ ಒಬ್ಬ ಬಂದ. ಮೊಣಕಾಲವರೆಗೆ ಎರೆಮಣ್ಣು ಮೆತ್ತಿಕೊಂಡಿತ್ತು. ತೋಟದವರ ಮುಂದಾಳಿನ ತಮ್ಮನವನು. ಕಟ್ಟೆಯ ಕೆಳಗೇ ನಿಂತು ಮಾತಾಡಿದ.

"ನಮ್ಮ ಅಣ್ಣ ದನಾ ಬಿಡಸಾಕ ಹೋಗಿ ಹೊಳ್ಯಾಗ ಕೊಚ್ಚಿ ಹೋದ್ರಿ" ಎಂದ. "ನಾವೆಲ್ಲ ಈಗ ದಿಬ್ಬದ ಮ್ಯಾಲ ಗುಡಸಲಾ ಹಾಕ್ಕೊಂಡೀವಿ. ಈ ವರ್ಷ ಕೊಡಾಕ ನಮ್ಮ ಕಡೆ ಏನೂ ಉಳಿದಿಲ್ರಿ. ಆದ್ರ ನಮ್ಮ ಹೆಸರು ಕಡತದಾಗಿಂದ ತಗೀಬ್ಯಾಡ್ರಿ. ಮುಂದ ಎಲ್ಲಾ ನಮ್ಮ ಅತ್ತಿಗಿ ನೋಡ್ತಾಳ. ಓಲಿ ಅಕಿ ಹೆಸರಿಗೆ ಬರ್ಲಿ. ಅಣ್ಣನ ಹೆಸರು ಹಾಕಬ್ಯಾಡ್ರಿ. ನಮ್ಮವ್ವ ಅದನ್ನ ಕೇಳಿದ್ರ ತಡಕೊಳ್ಳಾಂಗಿಲ್ಲ."

"ಆತು, ಬರಕೋತೀನಿ" ಎಂದೆ.

ಅವನು ಕೈ ಮುಗಿದು, ಊಟ ಮಾಡಿ ಹೋಗು ಎಂದರೂ ನಿಲ್ಲದೆ ಹೊರಟ. ನಾನು ಬಳಪ ಕೈಗೆ ತೆಗೆದುಕೊಂಡೆ. ಖರೇ ಹೇಳುತ್ತೇನೆ, ಬರೆಯಬೇಕೆಂದೇ ತೆಗೆದುಕೊಂಡೆ. ಆದರೆ ಹೊಳೆಮಣ್ಣೂರಿನ ಪುಟ ಈಗ ನರಗುಂದದವನ ಅಕ್ಷರದಲ್ಲಿತ್ತು. ಆ ಕೆದರಿದ ಸಾಲುಗಳನ್ನು ನೋಡುತ್ತ ಕೂತೆ. ಎಲ್ಲರ ಬಾಯಲ್ಲಿ, ಅವನ ಕಡತದಲ್ಲಿ ತಪ್ಪೇ ಇಲ್ಲ, ಅವನ ಕಡತದಲ್ಲಿ ತಪ್ಪೇ ಇಲ್ಲ. ಬಳಪ ಕೆಳಗಿಟ್ಟೆ.

ನಾಲ್ಕು ದಿನಗಳ ನಂತರ ಅವನು ಗಜೇಂದ್ರಗಡದಿಂದ ಬಂದ. ಬಂದವನೇ ಮೊದಲು ಕೇಳಿದ್ದು ಅದನ್ನೇ: "ಅಣ್ಣಾರ, ಹೊಳೆಮಣ್ಣೂರಿಂದ ಯಾರರ ಬಂದಿದ್ರೇನ್ರಿ? ನಾ ಹೋಗಬೇಕಂದ್ರ ನಡುವ ಹಳ್ಳ ತುಂಬಿ ಹರಿಯಾಕತ್ತೇತಿ."

"ಯಾರೂ ಬಂದಿಲ್ಲ" ಎಂದೆ.

"ತೋಟದವರೆಲ್ಲ ಆರಾಮ ಅದಾರಂತೇನು?"

"ಇರಬೇಕು. ಇಲ್ಲಂದ್ರ ಸುದ್ದಿ ಬರ್ತಿತ್ತು."

ಅವನು ನನ್ನ ಮಾತನ್ನು ನಂಬಿದ. ಅಣ್ಣಾರ ಎಂದು ಕರೆಯುತ್ತಿದ್ದ, ನಂಬದೆ ಏನು ಮಾಡಿಯಾನು? ಓಲೆಗಳನ್ನು ಬರೆಯುವ ಕೆಲಸ ಮಾತ್ರ ಇನ್ನೂ ನನ್ನದಿತ್ತು, ಅಕ್ಷರ ಚಂದವೆಂದು. ಸತ್ತವನ ಹೆಸರಿಗೆ ನಾನೇ ಬರೆದೆ: ಪುರಾಣ ಮುಗಿಯುವ ದಿನ ತಾವೇ ತಪ್ಪದೆ ಬಂದು ವೀಳ್ಯ ಸ್ವೀಕರಿಸಬೇಕು ಎಂದು. ಅಂದೂ ಅಕ್ಷರ ಮುತ್ತಿನಂತೆಯೇ ಬಂದವು. ಅದು ಈಗಲೂ ನನಗೆ ಸೋಜಿಗ. ತೋಟದವರು ಓಲೆ ನೋಡಿ ಸಿಟ್ಟಾಗಿ ಒಂದು ಮಾತು ಹೇಳಿ ಕಳಿಸುತ್ತಾರೆ, ಅಜ್ಜಾರು ಅವನನ್ನು ಒಂದು ಸಲ ಬೈಯುತ್ತಾರೆ. ನನಗೆ ಬೇಕಾದದ್ದು ಅಷ್ಟೇ ಇತ್ತು. ಹಾಗೆ ನಾನು ನನಗೇ ಹೇಳಿಕೊಂಡಿದ್ದೆ.

ಪುರಾಣ ಮುಗಿಯುವ ದಿನ ಆಕಾಶ ತಿಳಿಯಾಗಿತ್ತು. ಅಂಗಳದ ತುಂಬ ಜನ. ಹೆಸರು ಕೂಗುವ ಕೆಲಸ ಆ ವರ್ಷ ಅವನಿಗೆ ಬಂದಿತ್ತು. ಅದೂ ಮೊದಲು ನನ್ನದೇ ಆಗಿತ್ತು. ಗಜೇಂದ್ರಗಡದವರು ಬಂದು ಹೋದರು, ಬೆಳವಣಕಿಯ ಎರಡೂ ಓಣಿಯವರು ಬಂದು ಹೋದರು. ಆಮೇಲೆ ಅವನು ಹೊಳೆಮಣ್ಣೂರಿನ ಹೊಳೆದಂಡೆ ತೋಟದವರು ಎಂದು ಕೂಗಿ, ಸತ್ತವನ ಹೆಸರು ಓದಿದ.

ಯಾರೂ ಏಳಲಿಲ್ಲ. ಅವನು ಇನ್ನೊಮ್ಮೆ ಓದಿದ, ಇನ್ನೂ ಗಟ್ಟಿಯಾಗಿ.

ಹೆಂಗಸರು ಕೂತಿದ್ದ ಕಡೆಯಿಂದ ಒಬ್ಬ ಮುದುಕಿ ಕೋಲೂರಿ ಎದ್ದಳು. ಕೈಯಲ್ಲಿ ಒಂದು ಸಣ್ಣ ಬುಟ್ಟಿ, ಅದರಲ್ಲಿ ಏಳೆಂಟು ಬದನೆಕಾಯಿ. ಅಷ್ಟು ಜನರ ನಡುವೆ ದಾರಿ ಮಾಡಿಕೊಂಡು ಅವಳು ಮುಂದೆ ಬಂದಳು.

"ನನ್ನ ಮಗನ್ನ ಕರದೀರಿ" ಎಂದಳು. "ಸಾಲಿ ಮಾಸ್ತರರ ಕಡೆಯಿಂದ ಓಲಿ ಓದಿಸಿದ್ವಿ. ತಾವ ಬರಬೇಕಂತ ಬರದೀರಿ. ಅವ ಬರಾಂಗಿಲ್ಲಪಾ. ಹೊಳಿ ಒಯ್ತು. ಅಜ್ಜಾರು ಕರದಾರಂದ ಮ್ಯಾಲ ಯಾರೂ ಬರಲಿಲ್ಲಂದ್ರ ಹ್ಯಾಂಗ ಅಂತ ನಾ ಬಂದೀನಿ."

ನರಗುಂದದವನ ಮುಖ ಬಿಳಿಚಿತು. ಕಡತ ಕೆಳಗಿಟ್ಟು, ಕಟ್ಟೆ ಇಳಿದು, ಅವಳ ಕಾಲ ಮೇಲೆ ಬಿದ್ದ. "ತಪ್ಪಾತಬೇ ಯವ್ವಾ, ತಪ್ಪಾತು" ಎಂದಷ್ಟೇ ಹೇಳುತ್ತಿದ್ದ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಅಜ್ಜಾರು ತಾವೇ ಎದ್ದು ಬಂದು ಅವಳಿಗೆ ವೀಳ್ಯ ಕೊಟ್ಟು, ಬದನೆಕಾಯಿಯ ಬುಟ್ಟಿಯನ್ನು ಎರಡೂ ಕೈಯಿಂದ ತೆಗೆದುಕೊಂಡರು. ಆಮೇಲೆ ತಿರುಗಿ, "ಯಾರ ತಪ್ಪ ಇದು?" ಎಂದು ಕೇಳಿದರು.

"ನಂದರಿ ಅಜ್ಜಾರ" ಎಂದ ಅವನು. "ಹಳ್ಳ ತುಂಬಿದ್ರೂ ಸುತ್ತ ಹಾಕಿ ಹೋಗಬೇಕಾಗಿತ್ತು. ಹೋಗಲಿಲ್ಲ."

ನನ್ನ ಹಿಂದೆ ನಿಂತಿದ್ದ ಗಾಣಿಗರೊಬ್ಬರು ಪಕ್ಕದವರಿಗೆ ಮೆಲ್ಲಗೆ, "ಹಿಂಗ ಮಂದ್ಯಾಗ ತಪ್ಪ ಒಪ್ಪಿಕೊಳ್ಳಾವ ಯಾರದಾನ ಹೇಳು? ಭಾಳ ಚಲೋ ಮನಷ್ಯಾ" ಎಂದರು. ಅದನ್ನು ಕೇಳಿ ನನಗೆ ಏನಾಯಿತೆಂದು ಮುಚ್ಚಿಡದೆ ಬರೆಯಬೇಕು. ಮುದುಕಿಯ ಮೇಲೆ ಮರುಕ ಬರುವ ಮೊದಲು, ಮಾಡಿದ್ದಕ್ಕೆ ನಾಚಿಕೆಯಾಗುವ ಮೊದಲು, ನನಗೆ ಮತ್ತೆ ಹೊಟ್ಟೆ ಉರಿಯಿತು. ನಾನು ಮಾಡಿದ ತಪ್ಪನ್ನು ತೆಗೆದುಕೊಂಡು ಅದರಿಂದಲೂ ಅವನು ಹೆಸರು ಗಳಿಸಿದ.

ಊಟದ ಪಂಕ್ತಿಯಲ್ಲಿ ನಾನು ನೀರು ಹಾಕುತ್ತಿದ್ದೆ, ಅವನು ಸಾರು ಬಡಿಸುತ್ತಿದ್ದ. ಮುದುಕಿಯ ಕಿರಿಮಗ, ಆಷಾಢದಲ್ಲಿ ಮಠಕ್ಕೆ ಸುದ್ದಿ ತಂದಿದ್ದವನು, ಪಂಕ್ತಿಯಲ್ಲಿ ಕೂತಿದ್ದ. ನಾನು ಅವನ ಮುಂದೆ ಬಂದಾಗ ತಲೆಯೆತ್ತಿ, "ನಾ ನಿಮಗ ಹೇಳಿದ್ನೆಲ್ರಿ? ಬರಕೋತೀನಿ ಅಂದಿದ್ರಿ" ಎಂದ. ಸಿಟ್ಟಿನಿಂದ ಅಂದದ್ದಲ್ಲ. ತಾನೇ ಸರಿಯಾಗಿ ಹೇಳಲಿಲ್ಲವೇನೋ ಎಂಬಂತೆ ಕೇಳಿದ.

ಎರಡು ಎಲೆ ಆಚೆ ನರಗುಂದದವನ ಕೈ ನಿಂತಿತು. ನನ್ನನ್ನು ನೋಡಿದ. ಮುಂದಿನ ಎಲೆಗೆ ಸಾರು ಬಡಿಸಿದ, ಅದರ ಮುಂದಿನದಕ್ಕೂ ಬಡಿಸಿದ.

ನಾನು ತಂಬಿಗೆ ಇಟ್ಟು ಅಜ್ಜಾರ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಅವರು ಅಡ್ಡ ಮಾತಾಡದೆ ಕೇಳಿ, "ನನಗ್ಯಾಕ ಹೇಳ್ತಿ?" ಎಂದರು. "ಹೋಗು, ಆ ಮುದಕಿಗೆ ಹೇಳು."

ಹೊಳೆಮಣ್ಣೂರಿನವರು ಗಾಡಿ ಹೂಡುತ್ತಿದ್ದರು. ಮುದುಕಿ ಆಗಲೇ ಹತ್ತಿ ಕೂತಿದ್ದಳು. ನಾನು ಗಾಲಿಯ ಪಕ್ಕ ನಿಂತು, "ಯವ್ವಾ, ತಪ್ಪು ಅವಂದಲ್ಲ. ನಂದು. ನಿನ್ನ ಸಣ್ಣ ಮಗ ಬಂದು ನನಗ ಹೇಳಿದ್ದ" ಎಂದೆ.

"ಮರತೇನಪಾ?" ಎಂದಳು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. "ಇಲ್ಲಬೇ. ಮರೀಲಿಲ್ಲ. ಬೇಕಂತನ ಬಿಟ್ಟೆ. ಅವನ ಹೆಸರು ಕೆಡಲಿ ಅಂತ."

ಅವಳು ನರಗುಂದದವನು ನಿಂತಿದ್ದ ಕಡೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕೇಳಿದಳು: "ಅದಕ್ಕ ನನ್ನ ಮಗ ನಿನಗ ಏನ ಮಾಡಿದ್ದಪಾ?"

ಗಾಡಿ ಹೊರಟಿತು. ನಾನು ದಾರಿಯ ಮೇಲೆ ನಿಂತೇ ಇದ್ದೆ. ಎಷ್ಟೋ ಹೊತ್ತಿನ ಮೇಲೆ ನರಗುಂದದವನು ಬಂದು, "ಒಳಗ ಬರ್ರಿ ಅಣ್ಣಾರ" ಎಂದ. ಒಳಗೆ ಹೋಗುತ್ತ ಒಂದೇ ಮಾತು ಹೇಳಿದ: "ನನ್ನ ಮ್ಯಾಲ ಸಿಟ್ಟಿದ್ರ ನನಗ ಅನಬೇಕಾಗಿತ್ರಿ."

ಅಜ್ಜಾರು ನನ್ನನ್ನು ತೆಗೆದುಹಾಕಲಿಲ್ಲ. ಆ ವರ್ಷ ಹೊಳೆಮಣ್ಣೂರಿಗೆ ಮಠದಿಂದ ಏನು ಹೋದರೂ ನಾನೇ ನಡೆದು ಮುಟ್ಟಿಸಬೇಕೆಂದು ಹೇಳಿದರು. ಮುಟ್ಟಿಸಿದೆ. ಮೊದಲ ಸಲ ಸೊಸೆ ಬೀಜದ ಗಂಟು ತೆಗೆದುಕೊಂಡು ಗುಡಿಸಲ ಒಳಗೆ ಹೋದವಳು ಹೊರಗೆ ಬರಲಿಲ್ಲ. ಮೂರನೆಯ ಸಲ ಹೊರಗೆ ನೀರು ಕಳಿಸಿದಳು. ಮುದುಕಿ ನನ್ನೊಡನೆ ಮತ್ತೆ ಮಾತಾಡಲಿಲ್ಲ.

ಮರುವರ್ಷ ಗಜೇಂದ್ರಗಡದ ನೇಕಾರರು ತಮ್ಮ ಲೆಕ್ಕಪತ್ರಕ್ಕೆ ನರಗುಂದದವನನ್ನು ಕೇಳಿಕೊಂಡು ಬಂದರು. ಅವನು ಹೋದ. ಹೋದ ದಿನ ನನಗೆ ಹಿಗ್ಗಾಯಿತು. ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಕಡತ ಪೂರ್ತಿ ನನ್ನದಾದ ಮೇಲೆ ನಾನೂ ಊರೂರು ತಿರುಗಲೇಬೇಕಾಯಿತು. ಹೋದಲ್ಲೆಲ್ಲ ಜನ, "ಆ ತಮ್ಮ ಬರಲಿಲ್ಲೇನ್ರಿ?" ಎಂದೇ ಮೊದಲು ಕೇಳುತ್ತಿದ್ದರು. ಎಲ್ಲಿ ಕೂತರೂ ಅವನು ನನಗಿಂತ ಮೊದಲು ಬಂದು ಕೂತು ಹೋದ ಕಟ್ಟೆ. ಮತ್ಸರ ಒಂದೇ ದಿನ ಬಿಟ್ಟುಹೋಗುವ ಜ್ವರವಲ್ಲ. ಆದರೆ ಯಾವ ಊರಿನಲ್ಲಿ ಯಾರು ತೀರಿಕೊಂಡರು, ಯಾವ ಕೂಟ ಒಡೆಯಿತು, ಯಾವ ಮನೆಗೆ ಸೊಸೆ ಬಂದಳು ಎಂಬುದನ್ನು ಅವರ ಬಾಯಿಂದಲೇ ಕೇಳಿ, ಅವರ ಮುಂದೆಯೇ ಬರೆದು, ಓದಿ ತೋರಿಸುವುದನ್ನು ಕಲಿತೆ. ದಾರಿಯಲ್ಲಿ ಮೊಣಕಾಲ ಮೇಲೆ ಬರೆದು ಬರೆದು ನನ್ನ ಅಕ್ಷರ ಕೆಟ್ಟಿತು.

ಆಮೇಲೆ ನರಗುಂದಕ್ಕೆ ಬಿಳಿಯರ ಸರ್ಕಾರದ ದಂಡು ಬಂತು. ಕೋಟೆ ಹೋಯಿತು, ಅರಸರು ಹೋದರು, ಊರು ಲೂಟಿಯಾಯಿತೆಂದು ಓಡಿಬಂದವರು ಹೇಳುತ್ತಿದ್ದರು. ಅವನ ತಾಯಿ ಆ ಊರಲ್ಲೇ ಇದ್ದಳು. ಅವನು ತಾಯಿಯನ್ನು ಕರೆತರಲು ಹೋಗಿದ್ದನೆಂದು ಗಾಡಿಯವನೊಬ್ಬ ಹೇಳಿದ. ಮರಳಿ ಬಂದನೋ ಇಲ್ಲವೋ ಆ ಗಾಡಿಯವನಿಗೂ ತಿಳಿದಿರಲಿಲ್ಲ. ಮರುದಿನ ಬೆಳಗಾಗುತ್ತಲೇ ಯಾರಿಗೂ ಹೇಳದೆ ಗಜೇಂದ್ರಗಡದ ದಾರಿ ಹಿಡಿದೆ.

ಇಳಿಹೊತ್ತಿಗೆ ಮೇಲಿನ ಓಣಿ ಸೇರಿದೆ. ಮಗ್ಗದ ಸದ್ದು ಕೇಳುತ್ತಿತ್ತು. ಒಂದು ಪಡಸಾಲೆಯಲ್ಲಿ ಅವನು ಕೂತಿದ್ದ, ಮುಂದೆ ಕಡತ ಬಿಚ್ಚಿತ್ತು, ಒಳಗೆ ಒಬ್ಬ ವಯಸ್ಸಾದ ಹೆಂಗಸು ರೊಟ್ಟಿ ತಟ್ಟುತ್ತಿದ್ದಳು. ನನ್ನನ್ನು ನೋಡಿ ಎದ್ದುನಿಂತ.

"ಅಣ್ಣಾರ? ಇಷ್ಟ ದೂರ? ಯಾಕ ಬಂದ್ರಿ?"

"ಈ ವರ್ಷ ಇಲ್ಲಿ ಮುಂದಾಳು ಯಾರಂತ ಕೇಳಾಕ ಬಂದೆ" ಎಂದೆ.

"ಹೋದ ವರ್ಷ ಇದ್ದವರ ಅದಾರ್ರಿ" ಎಂದು ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಒಳಗೆ ತಿರುಗಿ, "ಯವ್ವಾ, ಇನ್ನೆರಡು ರೊಟ್ಟಿ ಹಾಕು" ಎಂದ.